‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದ ಬಗೆ: ನನ್ನ ಅನುಭವ

ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯನ್ನು ನಮ್ಮ ಹವ್ಯಾಸಿ ತಂಡ ಆಡಬೇಕೆಂದು ತೀರ್ಮಾನವಾದಾಗ ನನಗೆ ಬಂದ ಸಲಹೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವಾಗಿದ್ದವು: ಹಾಡು ಕಡಿಮೆ ಮಾಡಿ, ಕಥೆ ಬೇಗ ಓಡಲಿ, ಈಗಿನವರಿಗೆ ಅಷ್ಟು ಹೊತ್ತು ಕೂರಲು ಆಗುವುದಿಲ್ಲ. ಕೊನೆಯ ಮಾತನ್ನು ನಾನು ಒಪ್ಪಿದೆ, ಮೊದಲನೆಯದನ್ನು ಒಪ್ಪಲಿಲ್ಲ. ವೃತ್ತಿ ನಾಟಕ ಮಂಡಳಿಗಳು ಆಡುತ್ತಿದ್ದ ಕಂಪನಿ ನಾಟಕದಲ್ಲಿ ಹಾಡು ಅಲಂಕಾರಕ್ಕೆ ಬಂದದ್ದಲ್ಲ. ಪಾತ್ರವು ತನ್ನ ಭಯವನ್ನೋ ಆಸೆಯನ್ನೋ ಮೊದಲ ಬಾರಿಗೆ ಹೊರಗೆ ಹೇಳಿಕೊಳ್ಳುವುದೇ ಹಾಡಿನಲ್ಲಿ, ಆಮೇಲಿನ ಮಾತು ಬಹಳ ಸಲ ಅದನ್ನೇ ಇನ್ನೊಮ್ಮೆ ಹೇಳುತ್ತದೆ. ಆದ್ದರಿಂದ ನಾಟಕವನ್ನು ಎರಡೂವರೆ ಗಂಟೆಗೆ ಇಳಿಸುವಾಗ ಮಾತನ್ನು ಮೊಟಕುಗೊಳಿಸಿ ಹಾಡನ್ನು ಉಳಿಸುವ ದಾರಿಯನ್ನು ಹಿಡಿದೆವು.

‘ಸದಾರಮೆ’ಯನ್ನು ಪೂರ್ತಿ ಮರೆತ ನಾಟಕವೆಂದು ಹೇಳಲಾಗದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಇದು ಬಹುಕಾಲ ಅನ್ನ ಕೊಟ್ಟ ನಾಟಕ. ಇದರಲ್ಲಿ ಗುಬ್ಬಿ ವೀರಣ್ಣನವರು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ನೋಡದವರೂ ಅದರ ಮಾತಾಡುತ್ತಾರೆ. 1935ರಲ್ಲಿ ಇದು ಚಲನಚಿತ್ರವೂ ಆಯಿತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ತಮ್ಮ ‘ಸ್ಪಂದನ’ ತಂಡದಿಂದ ಇದನ್ನು ಹೊಸ ಪ್ರೇಕ್ಷಕರ ಮುಂದೆ ತಂದರು. ಆದರೂ ಗುಬ್ಬಿ, ಬೆಳ್ಳಾವಿ ಎರಡೂ ಇರುವ ನಮ್ಮ ತುಮಕೂರು ಸೀಮೆಯಲ್ಲೇ ಕೇಳಿ ನೋಡಿದರೆ ಇಂದಿನ ಕಾಲೇಜು ಹುಡುಗರಿಗೆ ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲ. ರಾಜಕುಮಾರನನ್ನು ಮದುವೆಯಾದ ಸೆಟ್ಟಿಯ ಮಗಳೊಬ್ಬಳು ಗಂಡನಿಂದ ಅಗಲಿ, ಕಳ್ಳನ ಕೈಗೆ ಸಿಕ್ಕಿ, ತನ್ನ ಬುದ್ಧಿಯಿಂದಲೇ ಪಾರಾಗಿ, ಗಂಡುವೇಷ ತೊಟ್ಟು ನೆಲೆ ಕಂಡುಕೊಳ್ಳುವ ಕಥೆ ಅವರಿಗೆ ಹೊಸದು. ಅದು ಅವರಿಗೆ ಸೇರಬೇಕಾದ ಕಥೆ ಎಂದು ನನಗೆ ಬಲವಾಗಿ ಅನ್ನಿಸಿತು.

ಪಠ್ಯವನ್ನು ಗೊತ್ತುಮಾಡಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ಕಂಪನಿ ನಾಟಕಕ್ಕೆ ಒಂದೇ ಒಂದು ಅಧಿಕೃತ ಪ್ರತಿ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಅಚ್ಚಾದ ಪುಸ್ತಕ ಒಂದು ಹೇಳುತ್ತದೆ, ಪ್ರಾಂಪ್ಟರ್ ಇಟ್ಟುಕೊಂಡಿದ್ದ ಕೈಬರಹದ ಪ್ರತಿ ಇನ್ನೊಂದು ಹೇಳುತ್ತದೆ, ಹಳೆಯ ನಟರ ಬಾಯಲ್ಲಿ ಮೂರನೆಯದು ಉಳಿದಿರುತ್ತದೆ. ಹಾಡಿನ ಮೇಲೆ ರಾಗ ತಾಳಗಳ ಹೆಸರೋ, ‘ಇಂಥ ಹಾಡಿನ ಮಟ್ಟು’, ಅಂದರೆ ಧಾಟಿ, ಎಂಬ ಸೂಚನೆಯೋ ಇರುತ್ತದೆ. ಆ ಮೂಲದ ಹಾಡೇ ಈಗ ಯಾರಿಗೂ ಬಾರದಿದ್ದರೆ ಸೂಚನೆಯಿಂದ ಪ್ರಯೋಜನವಿಲ್ಲ. ಪಾರ್ಸಿ ನಾಟಕ ಕಂಪನಿಗಳು ಬಿಟ್ಟುಹೋದ ಧಾಟಿ, ಮರಾಠಿ ನಾಟ್ಯಗೀತೆಯ ಧಾಟಿ, ಕರ್ನಾಟಕ ಸಂಗೀತದ ಕೀರ್ತನೆಯ ನಡೆ, ಈ ಮೂರೂ ಕಂಪನಿ ಸಂಗೀತದಲ್ಲಿ ಬೆರೆತಿರುವುದರಿಂದ ರಾಗದ ಹೆಸರೊಂದನ್ನೇ ನಂಬಿ ಹಾಡು ಕಟ್ಟುವಂತಿಲ್ಲ. ಕಂಪನಿ ಗಾಯಕರ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳುವುದರಿಂದ ಉಪಯೋಗವಿದೆ, ಆದರೆ ಎಚ್ಚರಿಕೆಯೂ ಬೇಕು. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ರಂಗದ ಮೇಲೆ ಕಾಲು ಗಂಟೆ ಬೆಳೆಸುತ್ತಿದ್ದ ಹಾಡನ್ನು ಗಾಯಕರು ಅದರೊಳಗೆ ಅವಸರದಿಂದ ಮುಗಿಸಬೇಕಿತ್ತು. ಹೀಗಾಗಿ ತಟ್ಟೆಯ ವೇಗವನ್ನು ರಂಗದ ವೇಗವೆಂದು ತಿಳಿಯದೆ, ಅಲ್ಲಿಂದ ಮಟ್ಟಿನ ತಿರುವುಗಳನ್ನು ಮಾತ್ರ ತೆಗೆದುಕೊಂಡೆವು.

ನಮಗೆ ಸಿಕ್ಕ ನಿಜವಾದ ಆಧಾರ ಹಲವು ಕಂಪನಿಗಳಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸಿದ್ದ ಒಬ್ಬ ಹಿರಿಯ ಮೇಷ್ಟ್ರು. ಅವರು ಬಂದ ಮೇಲೆ ತಾಲೀಮಿನ ಕ್ರಮವೇ ಬದಲಾಯಿತು. ನಮ್ಮ ನಟಿ ಆಧುನಿಕ ನಾಟಕಗಳಲ್ಲಿ ಪಳಗಿದವಳು. ಸಹಜವಾಗಿ ಮಾತಾಡುವಾಗ ನಾವೆಲ್ಲರೂ ಮಾಡುವಂತೆ ವಾಕ್ಯದ ಕೊನೆಯನ್ನು ತಗ್ಗಿಸುತ್ತಿದ್ದಳು. ಮಾತು ಕೆಳಗಿಳಿದು ನಿಲ್ಲುತ್ತಿತ್ತು, ಒಂದು ಕ್ಷಣ ಮೌನ, ಆಮೇಲೆ ಪೇಟಿ ಶ್ರುತಿ ಕೊಡುತ್ತಿತ್ತು, ಆಮೇಲೆ ಹಾಡು. ಪ್ರತಿ ಹಾಡಿಗೂ ಮುಂಚೆ ನಾಟಕ ನಿಂತುಹೋದಂತೆ ಕಾಣುತ್ತಿತ್ತು. ಹಾಡುಗಳು ಕಥೆಯ ಓಟವನ್ನು ತಡೆಯುತ್ತವೆ ಎಂದು ಇಂದಿನ ಪ್ರೇಕ್ಷಕರು ದೂರುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ಅಭಿಪ್ರಾಯ. ಮೇಷ್ಟ್ರು ಒಂದು ಸಂಜೆ ಪೇಟಿಯ ತಿದಿ ಒತ್ತುತ್ತಲೇ ಅವಳಿಗೆ ಹೇಳಿದರು: “ಕೊನೇ ಮಾತನ್ನ ಕೆಳಕ್ಕೆ ಬಿಡಬೇಡಮ್ಮ, ಪಂಚಮದಲ್ಲಿ ನಿಲ್ಲಿಸು. ಅಲ್ಲಿಂದ ನಾನು ಎತ್ಕೋತೀನಿ.” ಕಾಡಿನ ದೃಶ್ಯದಲ್ಲಿ ಸದಾರಮೆ ಗಂಡನನ್ನು ಕೂಗಿ ಕರೆಯುವ ಕಡೆ ಅದನ್ನು ಮಾಡಿ ನೋಡಿದೆವು. ಕೂಗು ಒಂದಕ್ಕಿಂತ ಒಂದು ಏರುತ್ತ ಹೋಗಿ, ಕೊನೆಯ ಕೂಗು ಪಂಚಮದಲ್ಲಿ, ಅಂದರೆ ಐದನೆಯ ಸ್ವರವಾದ ‘ಪ’ದಲ್ಲಿ, ನಿಂತಿತು. ಅದು ಇನ್ನೂ ಗಾಳಿಯಲ್ಲಿರುವಾಗಲೇ ಪೇಟಿ ಅದೇ ಸ್ವರವನ್ನು ಹಿಡಿಯಿತು, ತಬಲ ಇನ್ನೂ ಸುಮ್ಮನಿತ್ತು, ಅವಳು ಪಲ್ಲವಿಯ ಮೊದಲ ಪದವನ್ನು ಹಾಡಿದಳೋ ಕೂಗಿದಳೋ ಹೇಳಲು ಬಾರದ ಹಾಗಾಯಿತು. ಅಂದಿನಿಂದ ಪ್ರತಿ ಹಾಡಿನ ಹಿಂದಿನ ಮೂರು ನಾಲ್ಕು ವಾಕ್ಯಗಳನ್ನು ಶ್ರುತಿಯಲ್ಲಿಯೇ ಆಡುವುದನ್ನು ಎಲ್ಲ ನಟರಿಗೂ ಅಭ್ಯಾಸ ಮಾಡಿಸಿದೆವು. ಹಳೆಯ ನಾಟಕಗಳನ್ನು ಎತ್ತಿಕೊಳ್ಳುವ ಯಾವುದೇ ತಂಡಕ್ಕೆ ನಾನು ಮೊದಲು ಹೇಳುವುದು ಇದನ್ನೇ.

ಶ್ರುತಿಯ ವಿಷಯದಲ್ಲಿ ಮಾತ್ರ ಹಳೆಯ ಪದ್ಧತಿಯನ್ನು ಬಿಟ್ಟುಕೊಟ್ಟೆವು. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಕೇಳಿಸಲೆಂದು ಗಂಡಸರೂ ಪೇಟಿಯ ಮನೆಗಳ ಲೆಕ್ಕದಲ್ಲಿ ನಾಲ್ಕು, ನಾಲ್ಕೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಇಂದಿನ ಹುಡುಗರಿಗೆ ಒಂದು, ಒಂದೂವರೆ ಮನೆ ಹೊಂದುತ್ತದೆ. ಬಲವಂತ ಮಾಡಿದರೆ ಗಂಟಲು ಕೆಡುತ್ತದೆಯೇ ಹೊರತು ಭಾವ ಹುಟ್ಟುವುದಿಲ್ಲ. ಪ್ರತಿಯೊಬ್ಬರ ಶ್ರುತಿಯನ್ನೂ ಇಳಿಸಿ, ಗಂಡನೂ ಹೆಂಡತಿಯೂ ಸೇರಿ ಹಾಡುವ ಯುಗಳಗೀತೆಗಳಲ್ಲಿ ಚರಣಗಳನ್ನು ಹಂಚಿಕೊಟ್ಟೆವು.

ಹಾಸ್ಯದ ಭಾಗ ಹೆಚ್ಚಿನ ಯೋಚನೆಯನ್ನು ಬೇಡಿತು. ಕಂಪನಿ ನಾಟಕದಲ್ಲಿ ದರ್ಬಾರಿನ ಸೀನ್ ಮುಗಿದ ಕೂಡಲೆ ರಂಗದ ಮುಂಭಾಗದಲ್ಲಿ ಬೀದಿಯ ಪರದೆ ಇಳಿದು, ಇಬ್ಬರು ಮೂವರು ಹಾಸ್ಯಗಾರರು ಬರುತ್ತಾರೆ; ಅಷ್ಟು ಹೊತ್ತಿನಲ್ಲಿ ಹಿಂದೆ ದರ್ಬಾರನ್ನು ತೆಗೆದು ಕಾಡಿನ ಸೀನರಿ ಕಟ್ಟಲಾಗುತ್ತದೆ. ನಾವು ಬಣ್ಣದ ಪರದೆಗಳ ಬದಲು ಬೆಳಕಿನಿಂದಲೇ ಸ್ಥಳ ಬದಲಿಸುವವರಾದ್ದರಿಂದ ಈ ರಸ್ತೆ ಸೀನ್‌ಗಳು ಬೇಡವೆಂದು ತಂಡದ ಕೆಲವರು ವಾದಿಸಿದರು. ಅವನ್ನು ತೆಗೆದು ಒಮ್ಮೆ ಪೂರ್ತಿ ಓಡಿಸಿ ನೋಡಿದಾಗ ಅವು ಮಾಡುತ್ತಿದ್ದ ಇನ್ನೆರಡು ಕೆಲಸಗಳು ಕಣ್ಣಿಗೆ ಬಿದ್ದವು. ಶೋಕದ ಎರಡು ಹಾಡುಗಳು ಬೆನ್ನಿಗೆ ಬೆನ್ನು ಬಂದು ಎರಡನೆಯದು ಸಪ್ಪೆಯಾಯಿತು. ಸದಾರಮೆಯ ಪಾತ್ರಧಾರಿಗೆ ಗಂಡುವೇಷ ತೊಡಲಿಕ್ಕಿರಲಿ, ನೀರು ಕುಡಿಯಲಿಕ್ಕೂ ಬಿಡುವು ಸಿಗಲಿಲ್ಲ. ಆದ್ದರಿಂದ ರಸ್ತೆ ಸೀನ್‌ಗಳನ್ನು ಉಳಿಸಿಕೊಂಡು ಒಳಗಿನ ಮಾತನ್ನು ಹೊಸದಾಗಿ ಬರೆದೆ. ನಮ್ಮ ಪ್ರತಿಯಲ್ಲಿದ್ದ ಮೈಬಣ್ಣ, ಜಾತಿ, ಹೆಂಡತಿಗೆ ಹೊಡೆಯುವುದು ಇವುಗಳ ಮೇಲಿನ ನಗೆಮಾತುಗಳನ್ನು ಪೂರ್ತಿಯಾಗಿ ತೆಗೆದುಹಾಕಿದೆ. ಅವುಗಳಿಗೆ ನಗುವವರು ಇಂದಿಗೂ ಇದ್ದಾರೆ ಎಂಬುದೇ ಅವನ್ನು ತೆಗೆಯಲು ನನಗಿದ್ದ ಕಾರಣ. ಸ್ಥಳದ ಸುದ್ದಿಯನ್ನು ಹಾಸ್ಯಗಾರ ಆ ರಾತ್ರಿಯೇ ಮಾತಿನಲ್ಲಿ ಸೇರಿಸುವ ಸ್ವಾತಂತ್ರ್ಯವನ್ನು ಮಾತ್ರ ಮುಟ್ಟಲಿಲ್ಲ. ಅದು ವೃತ್ತಿ ರಂಗಭೂಮಿಯ ಜೀವ.

ಹಾಡಿನ ಸಾಹಿತ್ಯಕ್ಕೆ ಕೈ ಹಾಕುವುದು ಹೆಚ್ಚು ಸೂಕ್ಷ್ಮವಾದ ಕೆಲಸ. ಇಲ್ಲಿ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸವಿರುತ್ತದೆ. ಒಂದು ಹಳೆಯ ಪದವನ್ನು ಇಂದಿನ ಪದದಿಂದ ಬದಲಿಸಿದರೆ ಪ್ರಾಸ ಕಳಚುತ್ತದೆ, ಪ್ರಾಸ ಕಳಚಿದರೆ ತಾಳದ ಪೆಟ್ಟು ಬೀಳಬೇಕಾದ ಕಡೆ ಬಾಯಿಗೆ ಬಲ ಸಿಗುವುದಿಲ್ಲ. ಆದ್ದರಿಂದ ಕಷ್ಟದ ಪದಗಳನ್ನು ಹಾಗೆಯೇ ಬಿಟ್ಟು, ಹಿಂದಿನ ಮಾತಿನಲ್ಲಿ ಅವುಗಳ ಅರ್ಥ ಬರುವಂತೆ ನೋಡಿಕೊಂಡೆ. ಉದ್ದವನ್ನು ಇಳಿಸಿದ್ದು ಪಲ್ಲವಿಯ ಪುನರಾವರ್ತನೆಯಲ್ಲಿ ಮತ್ತು ತಾನಗಳಲ್ಲಿ. ಚರಣಗಳನ್ನು ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ, ಏಕೆಂದರೆ ಪಾತ್ರದ ತೀರ್ಮಾನ ಬದಲಾಗುವುದು ಸಾಮಾನ್ಯವಾಗಿ ಕೊನೆಯ ಚರಣದಲ್ಲಿ. ಕಂದಪದ್ಯ, ವೃತ್ತಗಳಲ್ಲಿ ಕಥೆಗೆ ಬೇಕಾದವನ್ನು ಮಾತ್ರ ಇಟ್ಟುಕೊಂಡೆವು.

ಕೊನೆಯ ದೃಶ್ಯದ ಪರಿಷ್ಕರಣೆಯ ಬಗ್ಗೆ ತಂಡದಲ್ಲಿ ಬಹಳ ಚರ್ಚೆ ನಡೆಯಿತು. ನಾವು ಬಳಸಿದ ಪ್ರತಿಯಲ್ಲಿ ಗುರುತು ಬಯಲಾದ ಮೇಲೆ ಸದಾರಮೆಗೆ ಹೆಚ್ಚು ಮಾತಿಲ್ಲ. ಸುತ್ತಲಿನವರು ಅವಳ ಪಾತಿವ್ರತ್ಯವನ್ನು ಹೊಗಳುತ್ತಾರೆ, ಮಂಗಳ ಹಾಡುತ್ತಾರೆ, ಪರದೆ ಬೀಳುತ್ತದೆ. ಅದುವರೆಗೆ ಒಬ್ಬಳೇ ಕಾಡು ದಾಟಿ, ಕಳ್ಳನನ್ನು ಮಾತಿನಲ್ಲೇ ಸೋಲಿಸಿ ಬಂದವಳು ಅಲ್ಲಿ ಮೂಕಳಾಗುವುದು ಇಂದಿನ ಪ್ರೇಕ್ಷಕರಿಗೆ ಅನ್ಯಾಯವಾಗಿ ಕಾಣುತ್ತದೆ, ನನಗೂ ಹಾಗೆಯೇ ಕಂಡಿತು. ಹೊಸ ಸಂಭಾಷಣೆ ಬರೆದು ಇಂದಿನ ವಿಚಾರಗಳನ್ನು ಅವಳ ಬಾಯಿಗೆ ತುರುಕುವುದು ನನಗೆ ಬೇಕಿರಲಿಲ್ಲ. ಕಾಡಿನಲ್ಲಿ ಅವಳು ಹಾಡಿದ ಹಾಡಿನ ಕೊನೆಯ ಚರಣವನ್ನೇ ಇಲ್ಲಿ ಗಂಡುವೇಷದಲ್ಲಿ, ಗಂಡನ ಎದುರು ನಿಂತು, ನಿಧಾನವಾಗಿ ಹಾಡುವಂತೆ ಮಾಡಿದೆವು. ಅವನು ಹಾಡಿನಿಂದ ಅವಳನ್ನು ಗುರುತಿಸುತ್ತಾನೆ. ರುಮಾಲನ್ನು ತೆಗೆಯುವುದು ಅವಳೇ, ಅದೂ ತನಗೆ ಬೇಕೆನಿಸಿದಾಗ. ನಾಟಕಕ್ಕೆ ಹೊರಗಿನಿಂದ ಒಂದು ಸಾಲನ್ನೂ ತರದೆ ಅವಳಿಗೆ ಕೊನೆಯ ಮಾತು ಸಿಕ್ಕಿತು.

ಹಿನ್ನೆಲೆ ಸಂಗೀತವನ್ನು ಸ್ಟುಡಿಯೋದಲ್ಲಿ ಮುದ್ರಿಸಿಕೊಂಡರೆ ಖರ್ಚು ಉಳಿಯುತ್ತದೆ ಎಂಬ ಮಾತು ಪ್ರತಿ ಪ್ರಯೋಗಕ್ಕೆ ಮುಂಚೆ ಬರುತ್ತದೆ. ಇದಕ್ಕೆ ನನ್ನ ಉತ್ತರ ಸ್ಪಷ್ಟವಾದದ್ದು. ನಟಿ ಯಾವ ಸ್ವರದಲ್ಲಿ ಮಾತು ನಿಲ್ಲಿಸುತ್ತಾಳೋ ಅಲ್ಲಿಂದ ಎತ್ತಿಕೊಳ್ಳುವ ಶಕ್ತಿ ಮುದ್ರಿತ ಸಂಗೀತಕ್ಕಿಲ್ಲ, ಪ್ರೇಕ್ಷಕರು ‘ಒನ್ಸ್ ಮೋರ್’ ಎಂದಾಗ ಅದು ಹಿಂದಿರುಗಲಾರದು. ಪೇಟಿ, ತಬಲ, ಪಿಟೀಲು ಈ ಮೂವರನ್ನು ರಂಗದ ಬದಿಯಲ್ಲಿ ಪ್ರೇಕ್ಷಕರಿಗೆ ಕಾಣುವಂತೆಯೇ ಕೂರಿಸುತ್ತೇವೆ. ‘ಒನ್ಸ್ ಮೋರ್’ಗೆ ಪಲ್ಲವಿಯೊಂದನ್ನು ಮಾತ್ರ ಮರಳಿ ಹಾಡುವ ಕಟ್ಟುಪಾಡು ಮಾಡಿಕೊಂಡಿದ್ದೇವೆ, ಕಳ್ಳನ ದೃಶ್ಯದಲ್ಲಿ ಅದನ್ನು ಸಡಿಲಿಸಬೇಕಾಗುತ್ತದೆ, ಅಲ್ಲಿ ಪ್ರೇಕ್ಷಕರು ಕೇಳುವವರಲ್ಲ.

ಈಗ ನಡೆಯುತ್ತಿರುವ ಕೆಲಸ ಮೇಷ್ಟ್ರು ಹೇಳಿಕೊಟ್ಟ ಮಟ್ಟುಗಳನ್ನೆಲ್ಲ ಸ್ವರಸಹಿತ ಬರೆದಿಡುವುದು. ಪ್ರತಿ ಹಾಡಿನ ಪಕ್ಕದಲ್ಲಿ ಅದರ ಹಿಂದಿನ ಮಾತು ಯಾವ ಸ್ವರದಲ್ಲಿ ನಿಲ್ಲಬೇಕೆಂಬುದನ್ನೂ ಗುರುತಿಸುತ್ತಿದ್ದೇವೆ, ನಾವು ಬಿಟ್ಟ ಭಾಗ ಯಾವುದು, ಏಕೆ ಬಿಟ್ಟೆವು ಎಂಬುದನ್ನೂ ಬರೆಯುತ್ತಿದ್ದೇವೆ. ಕೇಳಿದ ತಂಡಗಳಿಗೆ ಆ ಪ್ರತಿಯನ್ನು ಕೊಡುತ್ತೇವೆ. ನಾವು ಬಿಟ್ಟದ್ದನ್ನು ಅವರು ಮತ್ತೆ ಸೇರಿಸಿಕೊಳ್ಳಲೂಬಹುದು.