ಅಂಗಾಂಶದಲ್ಲಿ ಅಮಿಲಾಯ್ಡ್: ಇನ್‌ಫ್ರಾರೆಡ್‌ನಲ್ಲಿ ಹುಡುಕುವ ಕ್ರಮ

ಅಮಿಲಾಯ್ಡ್ ಎಂದರೆ ತಪ್ಪಾಗಿ ಮಡಚಿಕೊಂಡು ಅಂಗಾಂಶದಲ್ಲಿ ಎಳೆಗಳಾಗಿ ಶೇಖರವಾಗುವ ಪ್ರೋಟೀನ್; ಅದು ಇನ್‌ಫ್ರಾರೆಡ್ ಕಿರಣಗಳನ್ನು ಹೀರುವ ಬಗೆಯಿಂದ ಅದನ್ನು ಗುರುತಿಸಬಹುದು. ಹೆಪ್ಪುಗಟ್ಟಿಸಿದ ಅಂಗಾಂಶವನ್ನು 8 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆಯ ಮೇಲೆ ಹರಡಿ ಒಣಗಿಸಿ. ಮಾಮೂಲಿ ಗಾಜು ಬೇಡ; ನಮಗೆ ಬೇಕಾದ ಕಿರಣಗಳನ್ನೇ ಅದು ನುಂಗಿಬಿಡುತ್ತದೆ. ಪಕ್ಕದ ಸೀಳಿಗೆ ಅಮಿಲಾಯ್ಡ್‌ಗೆ ಅಂಟುವ ಕಾಂಗೋ ರೆಡ್ ಬಣ್ಣ ಹಾಕಿಟ್ಟುಕೊಳ್ಳಿ, ಹೋಲಿಕೆಗೆ ಬೇಕಾಗುತ್ತದೆ.

4 ಸೆಂ.ಮೀ.⁻¹ ರೆಸಲ್ಯೂಷನ್‌ನಲ್ಲಿ ಅಳೆದು, 1600–1700 ಸೆಂ.ಮೀ.⁻¹ ನಡುವಿನ ಅಮೈಡ್ 1 ಪಟ್ಟಿಯ (ಪ್ರೋಟೀನ್ ಮಡಚಿರುವ ರೂಪವನ್ನು ತೋರುವ ಪಟ್ಟಿ) ಎರಡನೇ ಡೆರಿವೇಟಿವ್ (ಬೆರೆತ ಶಿಖರಗಳನ್ನು ಬಿಡಿಸಿ ತೋರಿಸುವ ಲೆಕ್ಕ) ತೆಗೆಯಿರಿ. ಮುಂದಿನ ಸಂಖ್ಯೆಗಳೂ ಇದೇ ಏಕಮಾನದಲ್ಲಿವೆ. ಪ್ರೋಟೀನ್ ಮಡಚಿಕೊಳ್ಳುವ ಒಂದು ರೂಪವಾದ ಆಲ್ಫಾ ಸುರುಳಿ 1655ರ ಆಸುಪಾಸಿನಲ್ಲಿರುತ್ತದೆ. ಇನ್ನೊಂದು ರೂಪವಾದ ಅಮಿಲಾಯ್ಡ್‌ನ ಬೀಟಾ ಹಾಳೆ 1615–1630ರಲ್ಲಿ ತಲೆ ಎತ್ತುತ್ತದೆ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ಒದ್ದೆ ಉಳಿದರೆ 1645ರ ಬಳಿ ನೀರೇ ಪಟ್ಟಿಯನ್ನು ಮುಚ್ಚುತ್ತದೆ. ಗಾಳಿಯ ತೇವ ಬಿಡಿಸುವ ಮೊನಚು ಗೆರೆಗಳು ಡೆರಿವೇಟಿವ್‌ನಲ್ಲಿ ಇನ್ನಷ್ಟು ಹಿಗ್ಗಿ ಶಿಖರಗಳಂತೆ ಮೋಸ ಮಾಡುತ್ತವೆ. ಒಣ ನೈಟ್ರೋಜನ್ ಹಾಯಿಸುತ್ತಲೇ ಇರಿ. ಅಂಚುಗಳಲ್ಲಿ ಬೆಳಕು ಚದುರಿದರೂ ಶಿಖರ ಕಡಿಮೆ ಸಂಖ್ಯೆಯತ್ತ ಜಾರುತ್ತದೆ, ಅದನ್ನು ರೋಗವೆಂದು ಓದಬೇಡಿ. ಯಾವ ಪ್ರೋಟೀನ್ ಎಂಬುದನ್ನು ಈ ಶಿಖರವೊಂದೇ ಹೇಳದು; ಅದಕ್ಕೆ ಪ್ರತಿಕಾಯ ಪರೀಕ್ಷೆ ಅಥವಾ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಯೇ ಬೇಕು.