ಕಾರ್ವೆಟ್‌ನ ಸ್ಟೀರಿಂಗ್ ಒಂದೇ ಬದಿಗೆ ಎಳೆಯುತ್ತಿತ್ತು

ಹಳೆಯ ಕಾರಿನ ಪವರ್ ಸ್ಟೀರಿಂಗ್ ಅನ್ನು ಮನೆಯಲ್ಲೇ ಬಿಚ್ಚಿ ಜೋಡಿಸಿದ ಮೇಲೆ ತೊಂದರೆ ಕಾಣಿಸಿಕೊಂಡರೆ ಎಲ್ಲರ ಅನುಮಾನವೂ ಮೊದಲು ಆಯಿಲಿಗೆ ಒತ್ತಡ ಕೊಡುವ ಪಂಪಿನ ಮೇಲೆ ಬೀಳುತ್ತದೆ. ಸದ್ದು ಬರುವುದು ಅಲ್ಲಿಂದಲೇ, ಹೊಸ ಪಂಪ್ ಸಿಗುವುದೂ ಕಷ್ಟವಲ್ಲ. ಆದರೆ ನನ್ನ 1976ರ ಶೆವರ್ಲೆ ಕಾರ್ವೆಟ್‌ನಲ್ಲಿ ನಾನು ಪಂಪನ್ನು ಬದಲಿಸಲೇ ಇಲ್ಲ. ದೋಷ ಎಲ್ಲಿದೆ ಎಂದು ಒಂದೊಂದೇ ಭಾಗವನ್ನು ಬೇರ್ಪಡಿಸಿ ನೋಡಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

1963ರಿಂದ 1982ರವರೆಗಿನ ಕಾರ್ವೆಟ್‌ಗಳ ಪವರ್ ಸ್ಟೀರಿಂಗ್ ರಚನೆ ಇಂದಿನ ಕಾರುಗಳಂತಲ್ಲ. ಇದರಲ್ಲಿ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗಿನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಗೇರುಗಳ ಪೆಟ್ಟಿಗೆ) ಸಾಮಾನ್ಯ ಬಾಕ್ಸೇ. ಅದರೊಳಗೆ ಆಯಿಲ್ ಒತ್ತಡದ ಕೆಲಸವಿಲ್ಲ. ನೆರವು ಸಿಗುವುದು ಹೊರಗಿನಿಂದ. ಬಾಕ್ಸಿನ ತೋಳಿಗೆ ಒಂದು ಕಂಟ್ರೋಲ್ ವಾಲ್ವ್ ಸೇರಿಕೊಂಡಿರುತ್ತದೆ. ಅಲ್ಲಿಂದ ಎರಡು ಹೋಸ್‌ಗಳು ಪಂಪಿಗೂ ಇನ್ನೆರಡು ಒಂದು ಸಿಲಿಂಡರಿಗೂ ಹೋಗುತ್ತವೆ. ಸಿಲಿಂಡರ್ ಚಕ್ರಗಳನ್ನು ತಿರುಗಿಸುವ ಅಡ್ಡ ರಾಡಿಗೆ ಅಂಟಿಕೊಂಡಿದ್ದರೆ, ಅದರ ಪಿಸ್ಟನ್ ರಾಡ್ ಚಾಸಿಯ, ಅಂದರೆ ಕಾರಿನ ಚೌಕಟ್ಟಿನ, ಬ್ರ್ಯಾಕೆಟ್ಟಿಗೆ ಬಿಗಿದಿರುತ್ತದೆ. ನಾವು ಸ್ಟೀರಿಂಗ್ ತಿರುಗಿಸಿದಾಗ ವಾಲ್ವಿನೊಳಗಿನ ಸ್ಪೂಲ್ ಎಂಬ ಜಾರುವ ಭಾಗ ತುಸುವೇ ಸರಿದು ಸಿಲಿಂಡರಿನ ಒಂದು ಬದಿಗೆ ಹೆಚ್ಚು ಒತ್ತಡ ಕಳಿಸುತ್ತದೆ. ವಾಲ್ವ್, ಸಿಲಿಂಡರ್, ನಾಲ್ಕು ಹೋಸ್ ಎಲ್ಲವೂ ಕಾರಿನ ಅಡಿಯಲ್ಲಿ ತೆರೆದ ಜಾಗದಲ್ಲಿರುವುದರಿಂದ ಸೋರಿಕೆ ಈ ಕಾರುಗಳ ಹಳೆಯ ಕಾಯಿಲೆ.

ನಾನು ಮಾಡಿದ್ದ ರಿಪೇರಿಯೂ ಅದಕ್ಕೇ. ವಾಲ್ವನ್ನು ಬಿಚ್ಚಿ ಸೀಲುಗಳನ್ನೆಲ್ಲ ಬದಲಿಸಿ, ಹೊಸ ಹೋಸ್‌ಗಳನ್ನು ಹಾಕಿದ್ದೆ. ಸೋರಿಕೆ ನಿಂತಿತು. ಆದರೆ ಮೂರು ಹೊಸ ದೂರುಗಳು ಎದ್ದವು: ಎಂಜಿನ್ ವೇಗದೊಂದಿಗೆ ಏರಿಳಿಯುವ ಕೊರೆತದಂಥ ಸದ್ದು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಕಿರುಚಾಟ, ನೇರ ರಸ್ತೆಯಲ್ಲೂ ಒಂದೇ ಬದಿಗೆ ಎಳೆಯುವ ಹಟ. ಮೂರಕ್ಕೂ ಒಂದೇ ಕಾರಣವಿರಬೇಕೆಂದು ಹುಡುಕಹೊರಟರೆ ದಿಕ್ಕು ತಪ್ಪುತ್ತದೆ. ಇಲ್ಲಿ ಮೂರಕ್ಕೂ ಬೇರೆ ಬೇರೆ ಕಾರಣವಿತ್ತು.

ಮೊದಲು ಎಂಜಿನ್ ಚಾಲೂ ಮಾಡದೆಯೇ ನೋಡಬೇಕು. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬಾರದು. ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದಾಗ ಎಲ್ಲಾದರೂ ಸಿಕ್ಕಿಕೊಂಡಂತೆ ಬಿಗಿಯಾದರೆ ದೋಷ ಬಾಲ್ ಜಾಯಿಂಟಿನಲ್ಲೋ ಸ್ಟೀರಿಂಗ್ ಬಾಕ್ಸಿನಲ್ಲೋ ಇದೆ. ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ನನ್ನದು ಎರಡೂ ಕಡೆಗೆ ಒಂದೇ ಹದದಲ್ಲಿ ತಿರುಗಿತು. ಅಲ್ಲಿಗೆ ಅರ್ಧ ಅನುಮಾನ ಕಳೆಯಿತು.

ಆಮೇಲೆ ಪಂಪಿನ ಮುಚ್ಚಳ ತೆಗೆದೆ. ಜೇನಿನ ಬಣ್ಣದಲ್ಲಿ ತಿಳಿಯಾಗಿರಬೇಕಿದ್ದ ಆಯಿಲ್ ಮಸುಕು ಕೆನೆಯ ಬಣ್ಣಕ್ಕೆ ತಿರುಗಿತ್ತು. ಮುಚ್ಚಳದ ಅಳತೆ ಕಡ್ಡಿಗೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಅಂಟಿಕೊಂಡು, ನೋಡುತ್ತಿದ್ದಂತೆ ಒಂದೊಂದಾಗಿ ಒಡೆಯುತ್ತಿದ್ದವು. ಇದು ಆಯಿಲಿನಲ್ಲಿ ಗಾಳಿ ಬೆರೆತಿರುವ ಗುರುತು. ಕೊರೆತದ ಸದ್ದು ಇದರದೇ. ಖಾಲಿಯಾದ ವಾಲ್ವ್ ಮತ್ತು ಹೋಸ್‌ಗಳಲ್ಲಿ ಗಾಳಿ ತುಂಬಿರುತ್ತದೆ. ಎಂಜಿನ್ ಓಡಿಸಿಯೇ ಅದನ್ನು ಹೊರಹಾಕಲು ಹೋದರೆ ಪಂಪ್ ಆ ಗಾಳಿಯನ್ನು ಆಯಿಲಿನೊಂದಿಗೆ ಕಡೆದು ನೊರೆ ಮಾಡುತ್ತದೆ. ನೊರೆಗೆ ಒತ್ತಡ ಹಿಡಿದಿಡುವ ಶಕ್ತಿಯಿಲ್ಲ.

ಇದಕ್ಕೆ ಮದ್ದು ತಾಳ್ಮೆಯೊಂದೇ. ನೊರೆ ತಾನಾಗಿ ಇಳಿಯಲೆಂದು ಇಡೀ ರಾತ್ರಿ ಕಾರನ್ನು ಹಾಗೆಯೇ ಬಿಟ್ಟೆ. ಬೆಳಗ್ಗೆ ಆಯಿಲ್ ಮಟ್ಟ ಕೆಳಗಿಳಿದಿತ್ತು. ಮತ್ತೆ ತುಂಬಿಸಿ, ಎಂಜಿನ್ ಬಂದ್ ಇರುವಾಗಲೇ, ಚಕ್ರಗಳು ನೆಲದಿಂದ ಮೇಲಿರುವಾಗಲೇ, ಸ್ಟೀರಿಂಗನ್ನು ನಿಧಾನವಾಗಿ ಎರಡೂ ಕೊನೆಗಳಿಗೆ ತಿರುಗಿಸುತ್ತ ಹೋದೆ. ಗುಳ್ಳೆಗಳು ಮೇಲೆ ಬಂದಂತೆಲ್ಲ ಮಟ್ಟ ಇಳಿಯುತ್ತದೆ. ಅದು ತೀರಾ ಇಳಿಯಲು ಬಿಡದೆ ತುಂಬಿಸುತ್ತಲೇ ಇರಬೇಕು. ಗುಳ್ಳೆ ಬರುವುದು ನಿಂತ ಮೇಲಷ್ಟೇ ಎಂಜಿನ್ ಚಾಲೂ ಮಾಡಿ, ಕ್ಷಣದಲ್ಲೇ ನಿಲ್ಲಿಸಿ, ಮಟ್ಟ ನೋಡಿದೆ. ಎಂಜಿನ್ ಓಡುವಾಗ ಸ್ಟೀರಿಂಗನ್ನು ಕೊನೆಯಲ್ಲಿ ಒತ್ತಿ ಹಿಡಿಯಬಾರದು. ಆಗ ಒತ್ತಡ ಮಿತಿಮೀರದಂತೆ ತಡೆಯುವ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಅದೇ ಆಯಿಲ್ ಒಳಗೊಳಗೇ ಸುತ್ತಿ ಬೇಗನೆ ಕಾಯುತ್ತದೆ. ಕೊರೆತದ ಸದ್ದು ಇಷ್ಟರಿಂದಲೇ ಹೋಯಿತು. ಹೊಸ ಪಂಪ್ ಹಾಕಿದ್ದರೂ ಈ ಗಾಳಿ ಒಳಗೇ ಇರುತ್ತಿತ್ತು.

ಕಿರುಚಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಪಂಪನ್ನು ತಿರುಗಿಸುವ ಬೆಲ್ಟ್. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ, ಸ್ಟೀರಿಂಗಿನ ಕೊನೆಯಲ್ಲಿ ಮಾತ್ರ ಕಿರುಚಿದರೆ ಬೆಲ್ಟ್ ಜಾರುತ್ತಿದೆ ಎಂದೇ ಅರ್ಥ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ನನ್ನ ಬೆಲ್ಟಿನ ಒಳಬದಿ ಗಾಜಿನಂತೆ ಹೊಳೆಯುತ್ತಿತ್ತು. ಬಿಗಿಗೊಳಿಸುವ ಬದಲು ಹೊಸದನ್ನೇ ಹಾಕಿದೆ.

ಉಳಿದದ್ದು ಒಂದೇ ಬದಿಗೆ ಎಳೆಯುವ ದೋಷ. ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ, ಏಕೆಂದರೆ ಇದು ಅಪಾಯದ ದೋಷ. ಸಿಲಿಂಡರಿಗೆ ಹೋಗುವ ಎರಡು ಹೋಸ್‌ಗಳು ಅದಲುಬದಲಾಗಿದ್ದರೆ ಎಂಜಿನ್ ಚಾಲೂ ಆದೊಡನೆ ಸ್ಟೀರಿಂಗ್ ರಭಸದಿಂದ ಒಂದು ಕೊನೆಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ರಿಪೇರಿಯ ನಂತರ ಮೊದಲ ಸಲ ಎಂಜಿನ್ ಚಾಲೂ ಮಾಡುವಾಗ ಸ್ಟೀರಿಂಗಿನ ಕಡ್ಡಿಗಳ ನಡುವೆ ಯಾರ ಕೈಯೂ ಇರಬಾರದು. ಒಳಗೆ ಕೂತಿದ್ದ ತಮ್ಮನಿಗೆ ಕೈ ಹಿಂದಕ್ಕೆ ತೆಗೆದುಕೊಳ್ಳಲು ಹೇಳಿ ಕೆಳಗಿನಿಂದ ನೋಡುತ್ತಿದ್ದೆ. "ಅಣ್ಣಾ, ತಾನಾಗಿಯೇ ತಿರುಗುತ್ತಿದೆ, ಆದರೆ ನಿಧಾನವಾಗಿ" ಎಂದ. ಆ "ನಿಧಾನವಾಗಿ" ಎಂಬುದರಲ್ಲೇ ಉತ್ತರವಿತ್ತು. ಹೋಸ್‌ಗಳು ಸರಿಯಾಗಿವೆ, ವಾಲ್ವಿನ ಸಮತೋಲ ಮಾತ್ರ ಹೊಂದಿಸಬೇಕಾಗಿದೆ.

ವಾಲ್ವ್ ಬಿಚ್ಚಿ ಜೋಡಿಸಿದ ಮೇಲೆ ಈ ಹೊಂದಾಣಿಕೆ ಮಾಡಲೇಬೇಕು. ಸ್ಪೂಲನ್ನು ಕಣ್ಣಂದಾಜಿನಲ್ಲಿ ಮಧ್ಯಕ್ಕೆ ತಂದರೆ ಸಾಲದು. ಸಿಲಿಂಡರಿನಲ್ಲಿ ರಾಡ್ ಇರುವ ಬದಿಗೆ ಪಿಸ್ಟನ್ನಿನ ಮೇಲ್ಮೈ ಕಡಿಮೆ. ಎರಡೂ ಬದಿಗೆ ಒಂದೇ ಒತ್ತಡ ಸಿಕ್ಕರೂ ತಳ್ಳುವ ಬಲ ಒಂದೇ ಆಗುವುದಿಲ್ಲ. ಹಾಗಾಗಿ ಎಂಜಿನ್ ಓಡುವಾಗಲೇ, ಆಯಿಲ್ ಹರಿಯುವಾಗಲೇ ಸಮತೋಲದ ಬಿಂದುವನ್ನು ಹುಡುಕಬೇಕು.

ಎಂಜಿನ್ ನಿಲ್ಲಿಸಿ ಪಿಸ್ಟನ್ ರಾಡನ್ನು ಚಾಸಿಯ ಬ್ರ್ಯಾಕೆಟ್ಟಿನಿಂದ ಕಳಚಿದೆ. ವಾಲ್ವಿನ ತುದಿಯ ಧೂಳುಮುಚ್ಚಳವನ್ನು ಮೆಲ್ಲಗೆ ತಟ್ಟಿ ತೆಗೆದಾಗ ಹೊಂದಿಸುವ ಸಣ್ಣ ನಟ್ ಕಾಣಿಸಿತು. ಗ್ಯಾರೇಜಿನ ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಚಕ್ರಗಳನ್ನು ನೇರವಾಗಿರಿಸಿ ಎಂಜಿನ್ ಚಾಲೂ ಮಾಡಿಸಿದೆ. ಕಳಚಿದ್ದ ರಾಡ್ ಸರ್ರನೆ ಸಿಲಿಂಡರಿನೊಳಗೆ ಹೋಯಿತು. ನಟ್ಟನ್ನು ಪ್ರದಕ್ಷಿಣವಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ರಾಡ್ ಹೊರಬರತೊಡಗಿದೊಡನೆ ನಿಲ್ಲಿಸಿದೆ. ಈಗ ಅದು ಮತ್ತೆ ಒಳಹೋಗತೊಡಗುವವರೆಗೆ ಅಪ್ರದಕ್ಷಿಣವಾಗಿ ತಿರುಗಿಸಿ, ಅದಕ್ಕೆ ಎಷ್ಟು ತಿರುವು ಬೇಕಾಯಿತೆಂದು ಗಮನಿಸಿದೆ. ಆ ತಿರುವಿನ ಸರಿಯಾಗಿ ಅರ್ಧದಷ್ಟು ಪ್ರದಕ್ಷಿಣವಾಗಿ ಹಿಂದಕ್ಕೆ ತಂದೆ. ಸ್ಪ್ಯಾನರಿನ ಹಿಡಿಗೆ ಸುಣ್ಣದ ಗೆರೆ ಹಾಕಿಕೊಂಡಿದ್ದು ಇಲ್ಲಿ ತುಂಬ ನೆರವಾಯಿತು. ನಟ್ಟನ್ನು ಅಗತ್ಯಕ್ಕಿಂತ ಹೆಚ್ಚು ಹಿಂದೆ ಮುಂದೆ ಆಡಿಸಿದರೆ ಅದರ ಹಿಡಿತ ಸಡಿಲಾಗುತ್ತದೆ.

ಸಮತೋಲ ಸಿಕ್ಕಾಗ ಅದು ಕೈಗೇ ತಿಳಿಯುತ್ತದೆ. ಎಂಜಿನ್ ಓಡುತ್ತಿದ್ದರೂ ರಾಡ್ ತಾನಾಗಿ ಅಲುಗುವುದಿಲ್ಲ. ಹಿಡಿದು ಎಳೆದರೆ ಹೊರಬರುತ್ತದೆ, ತಳ್ಳಿದರೆ ಒಳಹೋಗುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಅಷ್ಟು ಹೊತ್ತು ಹಟ ಮಾಡುತ್ತಿದ್ದ ರಾಡ್ ನನ್ನ ಅಂಗೈಯಲ್ಲಿ ಹೀಗೆ ವಿಧೇಯವಾದಾಗ ಆದ ಸಂತೋಷ ದೊಡ್ಡದು.

ರಾಡನ್ನು ಮತ್ತೆ ಬ್ರ್ಯಾಕೆಟ್ಟಿಗೆ ಸೇರಿಸುವಾಗ ರಬ್ಬರ್ ಬುಷ್‌ಗಳನ್ನು ಬದಲಿಸಿದೆ, ಹಳೆಯವು ನಜ್ಜುಗುಜ್ಜಾಗಿದ್ದವು. ನಟ್ ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇರುವ ಕಡೆಯಲ್ಲೆಲ್ಲ ಹೊಸ ಪಿನ್ನನ್ನೇ ಹಾಕಬೇಕು. ತೂತು ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಗೊಳಿಸಿ ಹೊಂದಿಸಬೇಕು, ಸಡಿಲಿಸಿ ಅಲ್ಲ. ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ ಓಡಿಸಿದೆ. ಎಳೆತ ಹೋಗಿತ್ತು, ತಿರುವಿನ ನಂತರ ಸ್ಟೀರಿಂಗ್ ಎರಡೂ ಕಡೆಯಿಂದ ಒಂದೇ ರೀತಿ ನೇರಕ್ಕೆ ಮರಳುತ್ತಿತ್ತು.

ಇಷ್ಟಾದ ಮೇಲೂ ಎರಡೂ ಕಡೆಗೆ ಸ್ಟೀರಿಂಗ್ ಭಾರವಾಗಿಯೇ ಇದ್ದರೆ ಆಗ ಪಂಪನ್ನು ಅನುಮಾನಿಸಬಹುದು. ಆಗಲೂ ಊಹೆ ಬೇಡ. ಪಂಪ್ ಮತ್ತು ಕಂಟ್ರೋಲ್ ವಾಲ್ವಿನ ನಡುವಿನ ಒತ್ತಡದ ಹೋಸಿಗೆ, ಮುಚ್ಚುವ ವಾಲ್ವ್ ಇರುವ, ಒತ್ತಡ ಅಳೆಯುವ ಗೇಜ್ ಜೋಡಿಸಿ, ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಗೇಜಿನ ವಾಲ್ವನ್ನು ಐದು ಸೆಕೆಂಡಿಗಿಂತ ಹೆಚ್ಚು ಮುಚ್ಚಿಡಬೇಡಿ, ಒತ್ತಡವಿರುವ ಹೋಸಿನ ಸೋರಿಕೆಯನ್ನು ಬರಿಗೈಯಿಂದ ತಡವಿ ಹುಡುಕಬೇಡಿ. ಅದಕ್ಕೆ ಒಂದು ರಟ್ಟಿನ ತುಂಡು ಹಿಡಿದರೆ ಸಾಕು.