ಸಣ್ಣ ಟ್ರಸ್ಟ್‌ಗೆ ದುಡ್ಡು ಕೊಡೋ ಮುಂಚೆ ಏನೇನ್ ನೋಡ್ಬೇಕು

ದೊಡ್ಡ ಎನ್‌ಜಿಒಗಳ ಬಗ್ಗೆ ತಿಳ್ಕೊಳೋದು ಸುಲಭ, ವೆಬ್‌ಸೈಟ್ ಇರತ್ತೆ, ಫೋನ್ ಮಾಡಿದ್ರೆ ಮಾತಾಡೋಕೆ ಜನ ಇರ್ತಾರೆ. ಕಷ್ಟ ಇರೋದು ತಾಲೂಕಲ್ಲೆಲ್ಲೋ ಒಂದು ಬಾಡಿಗೆ ರೂಮಲ್ಲಿ ಮೂರ್ನಾಲ್ಕು ಜನ ಸೇರ್ಕೊಂಡು ಪೌರಕಾರ್ಮಿಕರ ಮಕ್ಕಳಿಗೋ ಮಾಜಿ ದೇವದಾಸಿಯರಿಗೋ ಕೆಲಸ ಮಾಡ್ತಿರೋರನ್ನ ಗುರುತಿಸೋದು, ಯಾಕಂದ್ರೆ ಅದೇ ಬೀದಿಯಲ್ಲಿ ಲೆಟರ್‌ಹೆಡ್ಡು ಕ್ಯೂಆರ್ ಕೋಡು ಬಿಟ್ರೆ ಬೇರೇನೂ ಇಲ್ದಿರೋರೂ ಇರ್ತಾರೆ.

ಮೊದ್ಲು ಪೇಪರ್ ಕೆಲಸ ಮುಗಿಸ್ಕೊಳಿ. ಟ್ರಸ್ಟ್ ಆದ್ರೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆದ ಡೀಡ್, ಸಂಘ ಆದ್ರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸರ್ಟಿಫಿಕೇಟ್, ಕಾಪಿ ಕೇಳಿ, ಮುಜುಗರ ಬೇಡ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್ಲಲ್ಲಿ ಹೆಸರು ಹುಡುಕಿ, ಆದ್ರೆ ಅಲ್ಲಿ ಹೆಸರಿದ್ದ ಮಾತ್ರಕ್ಕೆ ಪ್ರಾಮಾಣಿಕರು ಅಂತೇನಿಲ್ಲ. ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 80ಜಿ ಮಾನ್ಯತೆ ಇದ್ರೆ ದಾನ ಕೊಟ್ಟ ನಿಮ್ಗೆ ತೆರಿಗೆ ಉಳಿಯತ್ತೆ, ಅದೂ ನೀವು ಹಳೇ ತೆರಿಗೆ ಪದ್ಧತಿಯಲ್ಲಿದ್ರೆ ಮಾತ್ರ, 2000 ರೂಪಾಯಿಗಿಂತ ಜಾಸ್ತಿ ಕ್ಯಾಶ್ ಕೊಟ್ರೆ ಅದೂ ಇಲ್ಲ. 80ಜಿ ಇಲ್ದಿದ್ರೆ ಕಳ್ಳರು ಅಂತ ಮಾತ್ರ ಅನ್ಕೋಬೇಡಿ, ಆಡಿಟರ್ ಫೀಸ್‌ಗೇ ಪರದಾಡೋ ಸಂಸ್ಥೆಗಳು ಬೇಕಾದಷ್ಟಿವೆ. ಬ್ಯಾಂಕ್ ಅಕೌಂಟ್ ವಿಷ್ಯದಲ್ಲಿ ಮಾತ್ರ ರಿಯಾಯಿತಿ ಬೇಡ, ಅಧ್ಯಕ್ಷರ ಪರ್ಸನಲ್ ನಂಬರ್‌ಗೆ ಯುಪಿಐ ಮಾಡಿ ಅಂದ್ರೆ ಅಲ್ಲಿಗೆ ಮಾತು ಮುಗಿಸಿ.

ಮಕ್ಕಳನ್ನ ಇಟ್ಕೊಂಡು ಸಾಕೋ ಆಶ್ರಮ ಆದ್ರೆ 2015ರ ಬಾಲನ್ಯಾಯ (ಜೆಜೆ) ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ ಕಡ್ಡಾಯ. ಇಲ್ಲ ಅಂದ್ರೆ ಎಷ್ಟೇ ಒಳ್ಳೆಯವ್ರ ಥರ ಕಂಡ್ರೂ ದುಡ್ಡು ಕೊಡ್ಬೇಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿ.

ಇನ್ನು ಅವ್ರ ಫೇಸ್‌ಬುಕ್ ಪೇಜ್ ನೋಡಿ. ನನ್ ಪ್ರಕಾರ ಇಲ್ಲೇ ಅರ್ಧ ಗೊತ್ತಾಗೋದು. ಬಿಸ್ಕೆಟ್ ಪ್ಯಾಕೆಟ್ ಹಿಡ್ಕೊಂಡು ಸಾಲಾಗಿ ನಿಂತ ಮಕ್ಕಳು, ಪಕ್ಕದಲ್ಲಿ ಶಾಲು ಹೊದ್ದ ದಾನಿಗಳು, ಪ್ರತಿ ಪೋಸ್ಟೂ ಹಿಂಗೇ ಇದ್ರೆ ಕೆಲಸ ಯಾರಿಗೋಸ್ಕರ ನಡೀತಿದೆ ಅಂತ ಕೇಳ್ಕೊಳಿ. ರಕ್ಷಣೆಯಲ್ಲಿರೋ ಮಕ್ಕಳ ಗುರುತು ಸಿಗೋ ಹಾಗೆ ಮೀಡಿಯಾದಲ್ಲಿ ಹಾಕೋದಕ್ಕೆ ಅದೇ ಜೆಜೆ ಕಾಯ್ದೆ ಅಡ್ಡ ಬರತ್ತೆ, ಅದಕ್ಕೇ ಪೇಜಲ್ಲಿ ಮುಖಗಳೇ ಕಾಣದೆ ಸ್ವಲ್ಪ ಬೋರ್ ಅನ್ಸಿದ್ರೆ ಅದು ಒಳ್ಳೇ ಲಕ್ಷಣ.

ಸಾಧ್ಯ ಆದ್ರೆ ಒಂದ್ಸಲ ಅಲ್ಲಿಗೆ ಹೋಗಿಬನ್ನಿ, ಕಾರ್ಯಕ್ರಮ ಇಲ್ದಿರೋ ದಿನ. ಹೋದ ವರ್ಷ ಯಾವ ಕೆಲಸ ಕೈಗೂಡ್ಲಿಲ್ಲ ಅಂತ ಕೇಳಿ. ನಿಜವಾಗ್ಲೂ ಓಡಾಡ್ತಿರೋರು ರೇಷನ್ ಕಾರ್ಡ್ ಸಿಗ್ಲಿಲ್ಲ, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆದು ಸಾಕಾಯ್ತು, ಹುಡುಗಿ ಹೈಸ್ಕೂಲ್ ಬಿಟ್ಟೋದ್ಳು ಅಂತ ಒಂದೊಂದೇ ಹೇಳ್ತಾ ಹೋಗ್ತಾರೆ, ಉಳಿದೋರು ಎಲ್ಲಾ ಚೆನ್ನಾಗೇ ಆಯ್ತು ಸಾರ್ ಅಂತಾರೆ. ಕಮಿಟೀಲಿ ಯಾರಿದ್ದಾರೆ ಅಂತಾನೂ ನೋಡಿ. ಬೆಳಗಾವಿ ಜಿಲ್ಲೆ ಘಟಪ್ರಭಾದ ಮಾಸ್ ಸಂಸ್ಥೆಯನ್ನ ಮಾಜಿ ದೇವದಾಸಿ ಮಹಿಳೆಯರೇ ನಡೆಸ್ಕೊಂಡು ಬಂದಿದ್ದಾರೆ, ಅಂಥ ಕಡೆ ಸಹಾಯ ಪಡೆಯೋರು ಕೈಮುಗಿದು ನಿಲ್ಲೋ ಪ್ರಮೇಯ ಇರಲ್ಲ. ಒಂದೇ ಮನೆಯ ಗಂಡ ಹೆಂಡತಿ ಭಾವಮೈದ ಸೇರಿ ಟ್ರಸ್ಟಿಗಳಾಗಿದ್ರೆ ಇನ್ನೊಂದಿಷ್ಟು ಪ್ರಶ್ನೆ ಕೇಳಿ.

ಒಪ್ಪಿಗೆ ಆಯ್ತು ಅಂದ್ಮೇಲೆ ಬರ್ತ್‌ಡೇ ಊಟಕ್ಕೆ ಕೊಡೋ ಬದ್ಲು ತಿಂಗ್ಳಿಗಿಷ್ಟು ಅಂತ ಕೊಡಿ, ಟೀಚರ್ ಸಂಬಳ, ಕರೆಂಟ್ ಬಿಲ್ಲು, ಬಾಡಿಗೆ, ಇದಕ್ಕೆ ಕೊಡೋರು ಸಿಗೋದೇ ಇಲ್ಲ.

ಹೊರದೇಶದಲ್ಲಿರೋರಿಗೆ ಒಂದು ಮಾತು. ನಿಮ್ಮತ್ರ ಭಾರತದ ಪಾಸ್‌ಪೋರ್ಟ್ ಇದ್ರೆ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳ್ಸಿದ್ದು ವಿದೇಶಿ ದೇಣಿಗೆ ಆಗಲ್ಲ, ಬೇರೆ ದೇಶದ ಪೌರತ್ವ ತಗೊಂಡು ಒಸಿಐ ಕಾರ್ಡ್ ಇಟ್ಕೊಂಡೋರಾಗಿದ್ರೆ ಆಗತ್ತೆ, ಆಗ ವಿದೇಶಿ ದೇಣಿಗೆ ತಗೊಳೋಕೆ ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ದಿರೋ ಸಣ್ಣ ಸಂಸ್ಥೆ ಅದನ್ನ ತಗೊಂಡ್ರೆ ಅವ್ರೇ ತೊಂದ್ರೆಗೆ ಸಿಕ್ಕಿಹಾಕ್ಕೋತಾರೆ.